ಮೊರಾಕ್ಕೊದ ಹುಡುಗ ರೇಸಿಂಗ್‌ನಲ್ಲಿ ಎಲ್ಲಿಯವರೆಗೆ ಹೋಗಬಹುದು?

ಪ್ರಶ್ನೆ: ಮೊರಾಕ್ಕೊದ ಹದಿಹರೆಯದ ಹುಡುಗರು ಯುರೋಪಿನ ಎಫ್4 (ಕಾರ್ಟಿಂಗ್ ನಂತರ ಎಫ್1 ಕಡೆಗಿನ ಮೊದಲ ಮೆಟ್ಟಿಲು) ರೇಸ್‌ಗಳಲ್ಲಿ ಓಡಿಸಿದ ಸುದ್ದಿ ಓದಿದ್ದೇನೆ. ಮರಾಕೆಶ್‌ನಲ್ಲಿ ದೊಡ್ಡ ರೇಸ್‌ಗಳೂ ನಡೆದಿವೆ. ಆದರೂ ಆ ದೇಶದಿಂದ ಒಬ್ಬ ಎಫ್1 ಚಾಲಕ ಯಾಕೆ ಬಂದಿಲ್ಲ? ಈವರೆಗೆ ಜಾಸ್ತಿ ಮುಂದೆ ಹೋದವರು ಯಾರು, ಅವರು ಹೇಗೆ ಬೆಳೆದರು? ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕಾರ್ಟಿಂಗ್ ಮಾಡುತ್ತಾನೆ, ಹಾಗಾಗಿ ಕೇಳುತ್ತಿದ್ದೇನೆ. (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ. ಮೊರಾಕ್ಕೊದಿಂದ ಎಫ್1ಗೆ ಯಾರೂ ಬಂದೇ ಇಲ್ಲ ಅನ್ನುವಂತಿಲ್ಲ. 1958ರ ಅಕ್ಟೋಬರ್ 19ರಂದು ಕಾಸಾಬ್ಲಾಂಕಾದ ಐನ್ ದಿಯಾಬ್ ರಸ್ತೆಗಳಲ್ಲಿ ಎಫ್1 ವಿಶ್ವ ಚಾಂಪಿಯನ್‌ಷಿಪ್‌ನ ರೇಸ್ ನಡೆಯಿತು. ದೇಶ ಸ್ವತಂತ್ರವಾಗಿ ಆಗ ಇನ್ನೂ ಎರಡೇ ವರ್ಷ. ಸ್ಟಿರ್ಲಿಂಗ್ ಮಾಸ್ ಗೆದ್ದರು. ಎರಡನೆಯವರಾಗಿ ಬಂದ ಮೈಕ್ ಹಾಥಾರ್ನ್ ಒಂದೇ ಒಂದು ಪಾಯಿಂಟ್ ಅಂತರದಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ರೇಸಿನಲ್ಲಿ ಸ್ಟುವರ್ಟ್ ಲೂಯಿಸ್-ಇವಾನ್ಸ್ ಅವರ ಕಾರಿಗೆ ಬೆಂಕಿ ಹತ್ತಿತು. ಆರು ದಿನಗಳ ನಂತರ ಅವರು ತೀರಿಕೊಂಡರು.

ಆ ದಿನ ಹಿಂದಿನ ಸಾಲುಗಳಲ್ಲಿ ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಕೆಲವು ಸಣ್ಣ ಎಫ್2 ಕಾರುಗಳೂ ಇದ್ದವು. ಅದರಲ್ಲೊಂದು ಕೂಪರ್ ಕಾರು. ಓಡಿಸಿದವರು ರಾಬರ್ಟ್ ಲಾ ಕಾಝ್, ಮೊರಾಕ್ಕೊದ ಪರವಾಗಿ. ಅವರು ಹುಟ್ಟಿದ್ದು ಪ್ಯಾರಿಸ್‌ನಲ್ಲಿ, ಬದುಕಿದ್ದು ಮೊರಾಕ್ಕೊದಲ್ಲಿ. ಒಟ್ಟಾರೆ 14ನೆಯವರಾಗಿ, ಎಫ್2 ಕಾರುಗಳ ಪೈಕಿ ಮೂರನೆಯವರಾಗಿ ರೇಸ್ ಮುಗಿಸಿದರು. ಅವರ ಎಫ್1 ಕತೆ ಅಷ್ಟೇ, ಒಂದು ಭಾನುವಾರದ್ದು. ಅದಾದ ಮೇಲೆ ಎಫ್1 ಆ ದೇಶಕ್ಕೆ ಮರಳಿ ಹೋಗಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಜಾಸ್ತಿ ಮುಂದೆ ಹೋದವರು ಯಾರು ಅಂದರೆ ನಾನು ಹೇಳುವ ಹೆಸರು ಮೆಹ್ದಿ ಬೆನ್ನಾನಿ. ಹುಟ್ಟಿದ್ದು 1983ರ ಆಗಸ್ಟ್‌ನಲ್ಲಿ, ಫೆಸ್ ನಗರದಲ್ಲಿ. ಈಗ ಅವರು ಯುವಕರೇನಲ್ಲ. ಆದರೆ ಇವತ್ತು ಸ್ಪೇನ್‌ಗೋ ಫ್ರಾನ್ಸ್‌ಗೋ ಹೋಗಿ ಎಫ್4 ಓಡಿಸುವ ಮೊರಾಕ್ಕೊದ ಹುಡುಗರ ಮುಂದೆ ಏನಿದೆ ಅಂತ ತಿಳಿಯಬೇಕಾದರೆ ಬೆನ್ನಾನಿ ನಡೆದ ದಾರಿಯನ್ನೇ ನೋಡಬೇಕು.

ಬೆನ್ನಾನಿಯವರನ್ನು ಎಫ್1ಗೆ ಹೋಗಲಾಗದೆ ಟೂರಿಂಗ್ ಕಾರ್ (ರಸ್ತೆಯ ಕಾರನ್ನೇ ರೇಸಿಗೆ ತಿದ್ದಿದ್ದು) ಹಿಡಿದವರು ಅಂತ ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. 2009ರಲ್ಲಿ ಅವರು ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ಗೆ, ಅಂದರೆ ಡಬ್ಲ್ಯುಟಿಸಿಸಿಗೆ ಕಾಲಿಟ್ಟರು. ಫ್ರಾನ್ಸ್‌ನ ಎಕ್ಸಾಗಾನ್ ತಂಡ, ಸ್ಪೇನಿನ ಸೀಟ್ ಕಂಪನಿಯ ಲಿಯೊನ್ ಕಾರು. ಆಗ ವಯಸ್ಸು 25. ಎಫ್1 ಕಡೆಯಿಂದ ನೋಡಿದರೆ ಇದು ತಡವೇ. ಮ್ಯಾಕ್ಸ್ ವೆರ್‌ಸ್ಟಾಪನ್ 17ನೇ ವಯಸ್ಸಿಗೇ ಎಫ್1 ಸೇರಿದವರು. ಟೂರಿಂಗ್ ಕಾರ್ ಲೆಕ್ಕವೇ ಬೇರೆ. ಅಲ್ಲಿ 40 ದಾಟಿದವರೂ ಗೆಲ್ಲುತ್ತಾರೆ. 2009ರ ಚಾಂಪಿಯನ್ ಇಟಲಿಯ ಗೇಬ್ರಿಯೆಲೆ ಟಾರ್ಕ್ವಿನಿ, ಆಗ ಅವರಿಗೆ 47. ಅಂಥ ಕಡೆ 25ರ ಹುಡುಗ ಅಂದರೆ ಎಳೆಯನೇ.

2009 ಅನ್ನುವ ವರ್ಷವನ್ನೂ ಗಮನಿಸಿ. ಮರಾಕೆಶ್‌ನಲ್ಲಿ ಡಬ್ಲ್ಯುಟಿಸಿಸಿ ರೇಸ್ ಮೊದಲ ಸಲ ನಡೆದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಯುವರಾಜ ಮೌಲಾಯ್ ಎಲ್ ಹಸನ್ ಹೆಸರಿನ ಆ ಟ್ರ್ಯಾಕ್ ಆಗ ನಾಲ್ಕೂವರೆ ಕಿಲೋಮೀಟರ್ ಉದ್ದದ ರಸ್ತೆ ಸರ್ಕ್ಯೂಟ್. ಎರಡೂ ಬದಿಗೆ ಕಾಂಕ್ರೀಟ್ ಗೋಡೆ, ಉದ್ದುದ್ದ ನೇರ ದಾರಿ, ನಡುನಡುವೆ ವೇಗ ತಗ್ಗಿಸುವ ಅಂಕುಡೊಂಕು. ಒಂದು ದೇಶದಲ್ಲಿ ವಿಶ್ವ ಮಟ್ಟದ ರೇಸ್ ಬಂದ ವರ್ಷವೇ ಆ ದೇಶದ ಚಾಲಕನಿಗೂ ಸೀಟು ಸಿಕ್ಕಿತು. ಇದನ್ನು ಕಾಕತಾಳೀಯ ಅನ್ನುವವರು ಅನ್ನಲಿ, ನಾನಂತೂ ಅನ್ನುವುದಿಲ್ಲ. ಸಂಘಟಕರಿಗೆ ಸ್ಥಳೀಯ ಚಾಲಕ ಬೇಕು, ಟಿಕೆಟ್ ಖರ್ಚಾಗಬೇಕು. ಊರಿನ ಕಂಪನಿಗಳಿಗೆ ತಮ್ಮ ಹೆಸರು ಹೊತ್ತ ಕಾರು ತಮ್ಮ ಜನರ ಕಣ್ಣೆದುರು ಓಡಬೇಕು. ತಂಡಕ್ಕೆ ಪ್ರಾಯೋಜಕರ ಹಣ ತರುವ ಚಾಲಕ ಬೇಕು. ಈ ಮೂರೂ ಒಂದೇ ಕಡೆ ಸೇರಿದರೆ ಸೀಟು ಹುಟ್ಟುತ್ತದೆ. ಪ್ರತಿಭೆ ಇರಲೇಬೇಕು, ಸರಿ. ಆದರೆ ಪ್ರತಿಭೆ ಒಂದರಿಂದಲೇ ಸೀಟು ಹುಟ್ಟಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

2010ರಲ್ಲಿ ಜರ್ಮನಿಯ ವೀಕರ್ಸ್ ತಂಡದ ಬಿಎಂಡಬ್ಲ್ಯು. 2011ರಿಂದ 2013ರವರೆಗೆ ಇಟಲಿಯ ಪ್ರೊಟೀಮ್ ತಂಡ, ಅಲ್ಲೂ ಬಿಎಂಡಬ್ಲ್ಯು. ಇವೆಲ್ಲ ಖಾಸಗಿ ತಂಡಗಳು. ಕಾರು ಕಂಪನಿಯೇ ನೇರವಾಗಿ ನಡೆಸುವ ತಂಡಕ್ಕೂ ಇವಕ್ಕೂ ಇರುವ ಅಂತರವನ್ನು ಹೇಳದೆ ಬೆನ್ನಾನಿ ಕತೆ ಅರ್ಥವಾಗುವುದಿಲ್ಲ. ಕಂಪನಿ ತಂಡದ ಚಾಲಕನಿಗೆ ಸಂಬಳ ಬರುತ್ತದೆ. ಖಾಸಗಿ ತಂಡದ ಚಾಲಕ ಬಹುಪಾಲು ಸಲ ತಾನೇ ಹಣ ಹೊಂದಿಸಿ ತರುತ್ತಾನೆ. ಹೊಸ ಎಂಜಿನ್, ಹೊಸ ಬಿಡಿಭಾಗ ಮೊದಲು ಹೋಗುವುದು ಕಂಪನಿ ತಂಡಕ್ಕೆ. ಖಾಸಗಿಯವರಿಗೆ ಅದು ಸಿಗುವಷ್ಟರಲ್ಲಿ ಸೀಸನ್ ಅರ್ಧ ಕಳೆದಿರುತ್ತದೆ. ಗೇಣಿಗೆ ಗದ್ದೆ ಮಾಡುವವರ ಪಾಡು ಅದು. ದುಡಿಮೆ ಪೂರ್ತಿ ನಿನ್ನದು, ಮುಂದಿನ ವರ್ಷ ಗದ್ದೆ ಕೊಡುವುದೋ ಬಿಡುವುದೋ ಧಣಿಯ ಇಷ್ಟ.

ಇದರ ನಡುವೆ ಇನ್ನೊಂದು ಪೆಟ್ಟು ಬಿತ್ತು. 2011ರ ಕ್ಯಾಲೆಂಡರ್‌ನಿಂದ ಮರಾಕೆಶ್ ಬಿಟ್ಟುಹೋಯಿತು. ಆ ಜಾಗಕ್ಕೆ ಬೆಲ್ಜಿಯಂನ ಝೋಲ್ಡರ್ ಬಂತು. ಊರಿನ ರೇಸ್ ನಂಬಿ ಪ್ರಾಯೋಜಕರ ಬಾಗಿಲು ತಟ್ಟುವ ಚಾಲಕನಿಗೆ ಇದರಿಂದ ಎಷ್ಟು ತೊಂದರೆ ಅಂತ ನೀವೇ ಊಹಿಸಿ. ಆದರೂ ಬೆನ್ನಾನಿ ಸೀಟು ಬಿಡಲಿಲ್ಲ. 2012ರಲ್ಲಿ ರೇಸ್ ಮರಾಕೆಶ್‌ಗೆ ಮರಳಿತು.

2014ರಲ್ಲಿ ನಿಯಮಗಳು ಬದಲಾದವು. ಹೊಸ ಟಿಸಿ1 ಕಾರುಗಳು ಬಂದವು. 1.6 ಲೀಟರ್ ಟರ್ಬೊ ಎಂಜಿನ್, ಸುಮಾರು 380 ಅಶ್ವಶಕ್ತಿ, ಅಗಲವಾದ ಟೈರು, ಹಿಂದೆ ದೊಡ್ಡ ರೆಕ್ಕೆ. ಸಿಟ್ರೊಯೆನ್ ಕಂಪನಿ ಹೋಸೆ ಮರಿಯಾ ಲೋಪೆಜ್, ಇವಾನ್ ಮುಲ್ಲರ್, ಸೆಬಾಸ್ಟಿಯನ್ ಲೋಬ್ ಅವರಂಥವರನ್ನು ಕೂರಿಸಿಕೊಂಡು ಬಂದು ರೇಸ್ ಮೇಲೆ ರೇಸ್ ಗೆದ್ದಿತು. ಆ ವರ್ಷ ಪ್ರೊಟೀಮ್ ಬಿಎಂಡಬ್ಲ್ಯು ಬಿಟ್ಟು ಹೋಂಡಾ ಸಿವಿಕ್ ತಂದಿತ್ತು. ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ನಡೆದ ಎರಡನೇ ರೇಸಿನಲ್ಲಿ ಬೆನ್ನಾನಿ ಗೆದ್ದರು. ಮೊರಾಕ್ಕೊದ ಚಾಲಕನೊಬ್ಬ ಡಬ್ಲ್ಯುಟಿಸಿಸಿ ರೇಸ್ ಗೆದ್ದದ್ದು ಅದೇ ಮೊದಲು. ಆರನೇ ಸೀಸನ್, 31ನೇ ವಯಸ್ಸು.

ಈ ಗೆಲುವನ್ನು ಕೆಲವರು ಹಗುರವಾಗಿ ನೋಡಿದರು. ಕಾರಣ, ಆಗ ಎರಡನೇ ರೇಸಿನಲ್ಲಿ, ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಅರ್ಹತಾ ಸುತ್ತಿನ ಮೊದಲ ಹತ್ತು ಸ್ಥಾನಗಳು ತಲೆಕೆಳಗಾಗುತ್ತಿದ್ದವು. ಹತ್ತನೆಯವನು ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ, ಮೊದಲನೆಯವನು ಹತ್ತನೇ ಜಾಗದಿಂದ ಹೊರಡುತ್ತಿದ್ದ. ಹಾಗಾದರೆ ಸುಲಭ ಅಲ್ವಾ ಅಂತ ಕೇಳಬಹುದು. ಅಷ್ಟು ಸುಲಭವಲ್ಲ. ಮೊದಲಿಗೆ, ಖಾಸಗಿ ಕಾರಿನಲ್ಲಿ ಮೊದಲ ಹತ್ತರೊಳಗೆ ಬರಬೇಕು. ಬಂದ ಮೇಲೆ ನಿಮಗಿಂತ ವೇಗದ ಕಾರುಗಳು ಹಿಂದಿನಿಂದ ಬಂದು ಬಂಪರಿಗೆ ಬಂಪರು ತಾಗಿಸುತ್ತವೆ. ಟೂರಿಂಗ್ ಕಾರ್ ರೇಸಿನಲ್ಲಿ ಸಣ್ಣಪುಟ್ಟ ತಳ್ಳಾಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ರೇಕ್ ಎಲ್ಲಿ ಹಿಡಿಯಬೇಕು, ಒಳಬದಿ ಹೇಗೆ ಮುಚ್ಚಬೇಕು, ಮುಂದಿನ ಟೈರುಗಳನ್ನು ಕೊನೆಯ ಸುತ್ತಿನವರೆಗೆ ಹೇಗೆ ಉಳಿಸಬೇಕು, ಇದೇ ಅಲ್ಲಿನ ವಿದ್ಯೆ. ಅದರಲ್ಲೂ ಸಿವಿಕ್‌ನಂಥ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ತಿರುಗಿಸುವುದು, ಎಳೆಯುವುದು, ಬ್ರೇಕಿನ ಬಹುಪಾಲು ಭಾರ ಹೊರುವುದು, ಎಲ್ಲವೂ ಅದೇ ಎರಡು ಟೈರುಗಳ ಕೆಲಸ. ಆರು ವರ್ಷಗಳಲ್ಲಿ ಹಿಂದಿನ ಚಕ್ರ ತಳ್ಳುವ ಬಿಎಂಡಬ್ಲ್ಯು, ಮುಂದಿನ ಚಕ್ರ ಎಳೆಯುವ ಹೋಂಡಾ ಅಂತ ಎರಡೂ ಬಗೆಯ ಕಾರು ಓಡಿಸಿದ ಅನುಭವ ಇಲ್ಲಿ ಕೈಹಿಡಿಯುತ್ತದೆ.

2015ರಲ್ಲಿ ಅವರು ಸೆಬಾಸ್ಟಿಯನ್ ಲೋಬ್ ರೇಸಿಂಗ್ ತಂಡ ಸೇರಿದರು. ಒಂಬತ್ತು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆದ ಲೋಬ್ ಅವರೇ ಹುಟ್ಟುಹಾಕಿದ ತಂಡ ಅದು. ಕಾರು ಸಿಟ್ರೊಯೆನ್ ಸಿ-ಎಲಿಸೆ, ಆ ಕಾಲದ ಎಲ್ಲಕ್ಕಿಂತ ವೇಗದ ಕಾರು. ಇನ್ನೇನು, ಗೆಲ್ಲುವುದೊಂದೇ ಬಾಕಿ ಅನ್ನಿಸುತ್ತದೆ. ಅಲ್ಲೊಂದು ಸಿಕ್ಕು ಇತ್ತು. ಡಬ್ಲ್ಯುಟಿಸಿಸಿಯಲ್ಲಿ ವೇಗದ ಕಾರುಗಳಿಗೆ ಹೆಚ್ಚುವರಿ ತೂಕ ಹೊರಿಸುತ್ತಿದ್ದರು, ಪೈಪೋಟಿ ಉಳಿಯಲಿ ಅಂತ. ಈ ತೂಕವನ್ನು ಲೆಕ್ಕ ಹಾಕುತ್ತಿದ್ದದ್ದು ಕಾರಿನ ಮಾದರಿಯ ಮೇಲೆ, ಚಾಲಕನ ಮೇಲಲ್ಲ. ಅಂದರೆ ಕಂಪನಿ ತಂಡದಲ್ಲಿ ಲೋಪೆಜ್ ಗೆದ್ದರೆ ಖಾಸಗಿ ಸಿಟ್ರೊಯೆನ್‌ನಲ್ಲಿ ಕೂತ ಬೆನ್ನಾನಿಯೂ ಅದೇ ಹೊರೆ ಹೊರಬೇಕು. ಗೆದ್ದವನು ಒಬ್ಬ, ದಂಡ ಕಟ್ಟುವವನು ಇನ್ನೊಬ್ಬ! ರೇಸ್ ಫಲಿತಾಂಶದ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಹಾಗಾಗಿ ಆ ವರ್ಷಗಳ ಪಾಯಿಂಟ್ ಪಟ್ಟಿಯನ್ನಷ್ಟೇ ನೋಡಿ ಬೆನ್ನಾನಿ ಬೆಲೆ ಕಟ್ಟಬೇಡಿ.

2016 ಅವರ ದೊಡ್ಡ ವರ್ಷ. ಹಂಗೇರಿಯಲ್ಲಿ ರೇಸ್ ಗೆದ್ದರು. ಸೀಸನ್ ಕೊನೆಗೆ ಖಾಸಗಿ ಚಾಲಕರಿಗಾಗಿ ಇದ್ದ ಡಬ್ಲ್ಯುಟಿಸಿಸಿ ಟ್ರೋಫಿ ಅವರದಾಯಿತು. ಇದನ್ನು ಸಮಾಧಾನಕರ ಬಹುಮಾನ ಅಂದುಕೊಳ್ಳಬಾರದು. ವಿಶ್ವದೆಲ್ಲೆಡೆಯಿಂದ ಬಂದ, ಕಂಪನಿಯ ಬೆಂಬಲವಿಲ್ಲದ ಚಾಲಕರಲ್ಲಿ ಮೊದಲಿಗ ಅಂತ ಅರ್ಥ. ಅದೇ ತಂಡದಲ್ಲಿದ್ದ ಬ್ರಿಟನ್ನಿನ ಟಾಮ್ ಚಿಲ್ಟನ್ ಅವರನ್ನೂ ಮೀರಿಸಿ ಗೆದ್ದದ್ದು. ಒಂದೇ ಕಾರು, ಒಂದೇ ತಂಡ ಇದ್ದಾಗ ಹೋಲಿಕೆ ನಿಖರವಾಗಿರುತ್ತದೆ. ಮುಂದಿನ ವರ್ಷ ಆ ಟ್ರೋಫಿ ಚಿಲ್ಟನ್ ಪಾಲಾಯಿತು. ಅಷ್ಟು ಹತ್ತಿರದ ಪೈಪೋಟಿ ಅವರಿಬ್ಬರದು.

ಆದರೆ 2016ರ ಕೊನೆಗೆ ಸಿಟ್ರೊಯೆನ್ ಕಂಪನಿ ಗಂಟುಮೂಟೆ ಕಟ್ಟಿಕೊಂಡು ರ‍್ಯಾಲಿಗೆ ಮರಳಿತು. 2017ರ ನಂತರ ಡಬ್ಲ್ಯುಟಿಸಿಸಿಯೇ ಮುಗಿಯಿತು. ಅದರ ಜಾಗಕ್ಕೆ ಡಬ್ಲ್ಯುಟಿಸಿಆರ್ ಬಂತು. ಕಾರುಗಳೂ ಬದಲಾದವು. ಟಿಸಿಆರ್ ಅನ್ನುವ ಈ ಕಾರುಗಳನ್ನು ಕಂಪನಿ ತಯಾರಿಸಿ ತಂಡಗಳಿಗೆ ಮಾರಬೇಕು, ಬೆಲೆಗೊಂದು ಮಿತಿ. ಬೆನ್ನಾನಿ 2018 ಮತ್ತು 2019ರಲ್ಲಿ ಅದೇ ಲೋಬ್ ತಂಡದಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಓಡಿಸಿದರು. 2020ರಲ್ಲಿ ಬೆಲ್ಜಿಯಂನ ಕಾಮ್‌ಟುಯು ತಂಡದ ಆಡಿ ಕಾರಿನಲ್ಲಿ ಟಿಸಿಆರ್ ಯುರೋಪ್ ಸರಣಿಗೆ ಬಂದು ಚಾಂಪಿಯನ್ ಆದರು. 37ನೇ ವಯಸ್ಸಿನಲ್ಲಿ ಪೂರ್ತಿ ಸರಣಿಯ ಪಟ್ಟ. 2022ರಲ್ಲಿ ಮತ್ತೆ ಡಬ್ಲ್ಯುಟಿಸಿಆರ್‌ನಲ್ಲಿ ಕಾಣಿಸಿಕೊಂಡರು. ಆ ಸರಣಿಗೂ ಅದೇ ಕೊನೆಯ ವರ್ಷ.

ಒಂದು ವಿಚಿತ್ರವನ್ನು ಹೇಳಲೇಬೇಕು. ಅವರ ವೃತ್ತಿಗೆ ಆಧಾರವಾಗಿದ್ದ ಮರಾಕೆಶ್‌ನಲ್ಲಿ ಅವರು ವಿಶ್ವ ಮಟ್ಟದ ರೇಸ್ ಒಂದನ್ನೂ ಗೆಲ್ಲಲಿಲ್ಲ. 2009ರಿಂದ 2019ರವರೆಗೆ ಅಲ್ಲಿ ಹುಫ್, ಲಾರಿನಿ, ಮುಲ್ಲರ್, ಲೋಪೆಜ್, ಲೋಬ್, ಕೊರೊನೆಲ್, ಟಾರ್ಕ್ವಿನಿ ಹೀಗೆ ಸಾಲುಸಾಲು ಜನ ಗೆದ್ದರು. ಶಾಂಘೈ, ಹಂಗೇರಿ ಒಲಿದವು, ತವರು ಒಲಿಯಲಿಲ್ಲ. ಗೋಡೆಗಳ ನಡುವಿನ ಆ ಟ್ರ್ಯಾಕ್‌ನಲ್ಲಿ ಮುಂದೆ ಹಾಯುವುದು ಕಷ್ಟ. ಅರ್ಹತಾ ಸುತ್ತಿನಲ್ಲಿ ಎಲ್ಲಿ ನಿಂತಿರೋ ಬಹುಮಟ್ಟಿಗೆ ಅಲ್ಲೇ. ಕಂಪನಿ ಕಾರುಗಳ ಎದುರು ಖಾಸಗಿ ಕಾರು ಸೋಲುವುದು ಮುಖ್ಯವಾಗಿ ಆ ಒಂದು ಸುತ್ತಿನ ವೇಗದಲ್ಲೇ.

ಇನ್ನು ಎಫ್1 ಮಾತು. ಈಗ ಎಫ್1ಗೆ ಬೇಕಾದ ಸೂಪರ್ ಲೈಸೆನ್ಸ್‌ಗೆ ಸಾಮಾನ್ಯವಾಗಿ ವಯಸ್ಸು 18 ತುಂಬಿರಬೇಕು, ಮೂರು ವರ್ಷಗಳ ಅವಧಿಯಲ್ಲಿ 40 ಪಾಯಿಂಟ್ ಗಳಿಸಿರಬೇಕು. ಎಫ್4 ಸರಣಿಯಲ್ಲಿ ಚಾಂಪಿಯನ್ ಆದರೂ ಸಿಗುವುದು 12. ಎಫ್3 ಚಾಂಪಿಯನ್‌ಗೆ 30. ಎಫ್2ನಲ್ಲಿ ಮೊದಲ ಮೂರರಲ್ಲಿ ಬಂದರೆ 40. ಅಂದರೆ ಎಫ್4ನಲ್ಲಿ ಮಿಂಚಿದ ಹುಡುಗ ಇನ್ನೂ ಮೆಟ್ಟಿಲಿನ ಬುಡದಲ್ಲಿದ್ದಾನೆ. ಖರ್ಚು ಮಾತ್ರ ಅಲ್ಲಿಂದಲೇ ಶುರು. ಯುರೋಪಿನಲ್ಲಿ ಎಫ್4 ಸೀಸನ್ ಒಂದಕ್ಕೆ ಕೆಲವು ಲಕ್ಷ ಯೂರೊ ಬೇಕು. ಎಫ್3 ಹತ್ತು ಲಕ್ಷ ದಾಟುತ್ತದೆ. ಎಫ್2 ಇಪ್ಪತ್ತು ಲಕ್ಷದಿಂದ ಮೇಲಕ್ಕೆ. ರೂಪಾಯಿಗೆ ನೀವೇ ಗುಣಿಸಿ ನೋಡಿ, ನಾನು ಬರೆದು ಹೆದರಿಸುವುದಿಲ್ಲ.

ಮೊರಾಕ್ಕೊದಲ್ಲಿ ಸ್ವಂತ ಎಫ್4 ಸರಣಿ ಇಲ್ಲ. ಕಾರ್ಟಿಂಗ್ ಮುಗಿಸಿದ ಹುಡುಗ ಸಮುದ್ರ ದಾಟಲೇಬೇಕು. ದೂರವೇನೂ ಹೆಚ್ಚಿಲ್ಲ, ಜಿಬ್ರಾಲ್ಟರ್ ಜಲಸಂಧಿಯ ಇಕ್ಕಟ್ಟಾದ ಜಾಗದಲ್ಲಿ ಸ್ಪೇನ್‌ಗೆ ಬರೀ 14 ಕಿಲೋಮೀಟರ್. ಸುಲೈಮಾನ್ ಝನ್ಫಾರಿ ಹಾಗೆ ದಾಟಿ ಸ್ಪೇನಿನ ಎಫ್4ನಲ್ಲಿ ಓಡಿಸಿದವರು. ಅವರಿಗಿಂತ ಮೊದಲು ಮಿಕಾಯೆಲ್ ಬೆನ್‌ಯಾಹಿಯಾ ಯುವ ಚಾಲಕರ ಸರಣಿಯಾದ ಫಾರ್ಮುಲಾ ರೆನೋದಲ್ಲಿದ್ದರು. ಆಮೇಲೆ ವೆಂಚುರಿ ತಂಡದ ಯುವ ಚಾಲಕರ ಯೋಜನೆಗೆ ಸೇರಿ ಮರಾಕೆಶ್‌ನಲ್ಲೇ ವಿದ್ಯುತ್ ಕಾರುಗಳ ಸರಣಿಯಾದ ಫಾರ್ಮುಲಾ ಇ ಕಾರಿನ ಪರೀಕ್ಷಾ ಓಟದಲ್ಲಿ ಕೂತರು. ಇಲ್ಲೂ ಊರಿನ ರೇಸಿನ ಕೈವಾಡ ನೋಡಿ. ಫಾರ್ಮುಲಾ ಇ ಮರಾಕೆಶ್‌ಗೆ 2016ರಲ್ಲಿ ಬಂತು. ಟ್ರ್ಯಾಕನ್ನು ಮೂರು ಕಿಲೋಮೀಟರಿಗೆ ಮೊಟಕು ಮಾಡಿದರು. 2018, 2019, 2020, ಆಮೇಲೆ 2022ರಲ್ಲಿ ರೇಸ್ ನಡೆಯಿತು. ಹೊಸಬರ ಪರೀಕ್ಷಾ ಓಟಗಳೂ ಅಲ್ಲೇ ನಡೆದವು. ಮನೆ ಬಾಗಿಲಿಗೆ ಅಂಥದ್ದು ಬಂದಾಗ ಸ್ಥಳೀಯ ಹುಡುಗನ ಹೆಸರು ತಂಡಗಳ ಕಿವಿಗೆ ಬೀಳುತ್ತದೆ. ಈಗ ಮರಾಕೆಶ್‌ಗೆ ಫಾರ್ಮುಲಾ ಇ ಕೂಡ ಬರುತ್ತಿಲ್ಲ, ವಿಶ್ವ ಮಟ್ಟದ ಟೂರಿಂಗ್ ಕಾರ್ ರೇಸೂ 2019ರ ನಂತರ ಅಲ್ಲಿ ವರ್ಷ ವರ್ಷ ನಡೆದಿಲ್ಲ. ಇವತ್ತಿನ ಮೊರಾಕ್ಕೊದ ಹುಡುಗರಿಗೆ ಎಫ್1 ಕನಸಿಗಿಂತ ದೊಡ್ಡ ಚಿಂತೆ ಇದೇ ಅಂತ ನನ್ನ ಅನಿಸಿಕೆ. ಬೆನ್ನಾನಿಗೆ ಸಿಕ್ಕ ಆಸರೆ ಅವರಿಗಿಲ್ಲ.

ಈ ಲೆಕ್ಕಾಚಾರ ನಮ್ಮವರಿಗೂ ಹೊಸದಲ್ಲ. ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಎಫ್2 ಓಡಿಸಿದರು, ಹಾಸ್ ಎಫ್1 ತಂಡದ ಡೆವಲಪ್‌ಮೆಂಟ್ ಡ್ರೈವರ್ ಕೂಡ ಆಗಿದ್ದರು. ಎಫ್1 ಸೀಟು ಸಿಗಲಿಲ್ಲ. ಅವರು ಸುಮ್ನೆ ಕೂರಲಿಲ್ಲ. 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಜಿಟಿ ಕಾರು (ಸ್ಪೋರ್ಟ್ಸ್ ಕಾರನ್ನು ರೇಸಿಗೆ ತಿದ್ದಿದ್ದು) ಓಡಿಸುತ್ತಾ ವೃತ್ತಿಪರ ಚಾಲಕರಾಗಿ ನಿಂತರು. ಅವರ ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್2 ಸ್ಪ್ರಿಂಟ್ ರೇಸ್ ಗೆದ್ದರು. ಅದೂ ತಲೆಕೆಳಗಾದ ಸಾಲಿನ ರೇಸೇ. ಅದನ್ನು ಯಾರೂ ಸಣ್ಣ ಗೆಲುವು ಅನ್ನಲಿಲ್ಲ, ಅನ್ನಲೂಬಾರದು.

ನಿಮ್ಮ ಅಕ್ಕನ ಮಗನ ವಿಷಯಕ್ಕೆ ಬಂದರೆ, ಅವನ ವಯಸ್ಸು ನೀವು ಬರೆದಿಲ್ಲ. ಎಫ್4ಗೆ 15 ತುಂಬಿರಬೇಕು. ಅಲ್ಲಿಯವರೆಗೆ ಕಾರ್ಟಿಂಗೇ ಶಾಲೆ. ಒಂಟಿ ಸೀಟಿನ ಕಾರಿಗೆ ಎರಡು ಸೀಸನ್ನಿನ ಹಣ ಕೈಯಲ್ಲಿದ್ದರೆ ಮಾತ್ರ ಮೊದಲ ಸೀಸನ್‌ಗೆ ಕೈ ಹಾಕಿ. ಮೊದಲ ವರ್ಷ ಬಹುಪಾಲು ಕಲಿಕೆಗೇ ಹೋಗುತ್ತದೆ, ತಂಡಗಳು ನೋಡುವುದು ಎರಡನೇ ವರ್ಷದ ಓಟವನ್ನು. ಒಂದೇ ಸೀಸನ್‌ಗೆ ಎಲ್ಲ ಸುರಿದು ನಿಂತುಬಿಟ್ಟ ಹುಡುಗರೇ ಹೆಚ್ಚು. ಅಷ್ಟು ಹಣ ಇಲ್ಲದಿದ್ದರೆ ಟೂರಿಂಗ್ ಕಾರಿನ ದಾರಿಯನ್ನು ಈಗಲೇ ಗಂಭೀರವಾಗಿ ನೋಡಬಹುದು, ಕೊನೆಗೆ ಉಳಿದ ದಾರಿ ಅಂತಲ್ಲ. ನಮ್ಮ ದೇಶದಲ್ಲೇ ಕೊಯಮತ್ತೂರು ಮತ್ತು ಚೆನ್ನೈ ಟ್ರ್ಯಾಕ್‌ಗಳಲ್ಲಿ ಒಂದೇ ಮಾದರಿಯ ಕಾರುಗಳ ರೇಸ್‌ಗಳು ನಡೆಯುತ್ತಾ ಬಂದಿವೆ. ಎಲ್ಲರಿಗೂ ಒಂದೇ ಕಾರು ಇದ್ದಾಗ ಚಾಲಕನ ಕೈಚಳಕ ಬೇಗ ಗೊತ್ತಾಗುತ್ತದೆ, ಖರ್ಚೂ ಕಮ್ಮಿ.

ಮೊರಾಕ್ಕೊದ ಹುಡುಗರನ್ನು ನೀವು ಗಮನಿಸುತ್ತಿದ್ದರೆ ಗೆಲುವಿನ ಸುದ್ದಿಯೊಂದನ್ನೇ ಹುಡುಕಬೇಡಿ. ಅದೇ ತಂಡದ ಬೇರೆ ಚಾಲಕರಿಗಿಂತ ಅರ್ಹತಾ ಸುತ್ತಿನಲ್ಲಿ ಎಷ್ಟು ಮುಂದೆ ಅಥವಾ ಹಿಂದೆ ಇದ್ದಾನೆ ಅಂತ ನೋಡಿ. ಮುಂದಿನ ವರ್ಷದ ಸೀಟು ಯಾವ ಸರಣಿಯಲ್ಲಿ ಸಿಕ್ಕಿತು ಅಂತ ನೋಡಿ. ಎಫ್4ನಿಂದ ಎಫ್3ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ರೀಜನಲ್‌ಗೆ ಹೋದರೆ ಎಫ್1 ಬಾಗಿಲು ಇನ್ನೂ ಪೂರ್ತಿ ಮುಚ್ಚಿಲ್ಲ. ಜಿಟಿ4ಗೋ ಟಿಸಿಆರ್‌ಗೋ ಹೋದರೆ ಬೆನ್ನಾನಿ ದಾರಿ ಹಿಡಿದ ಅಂತ ತಿಳಿಯಿರಿ. ಆಗ ಅವನ ಹೆಸರನ್ನು 30 ದಾಟಿದ ಮೇಲೂ ಫಲಿತಾಂಶದ ಪಟ್ಟಿಯಲ್ಲಿ ನೋಡುವ ಸಾಧ್ಯತೆ ಜಾಸ್ತಿ.